ಅಮ್ಮ ಮೊಬೈಲಿನಲ್ಲಿ ಓದುವ ಧಾರಾವಾಹಿಯ ಮೇಲೆ ಕಿರುಪ್ರಬಂಧ ಬರೆಯಬಹುದೇ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯವಳು, ಎಂ.ಎ. ಕನ್ನಡ ಎರಡನೇ ವರ್ಷ. ಕಿರುಪ್ರಬಂಧಕ್ಕೆ ಮೊಬೈಲಿನ ಹೊಸ ಬರವಣಿಗೆ ತಗೊಳ್ಳಬೇಕು ಅಂತ ಆಸೆ. ಅಂದರೆ ಆ್ಯಪ್‌ಗಳಲ್ಲಿ ಬರುವ ಧಾರಾವಾಹಿ, ಫೇಸ್‌ಬುಕ್ಕಿನ ಪುಟ್ಟ ಕತೆ, ವಾಟ್ಸಾಪಿನಲ್ಲಿ ಓಡಾಡುವ ಕತೆ, ಇಂಥವು. ನಮ್ಮ ಗೈಡ್ ಒಪ್ಪುತ್ತಿಲ್ಲ. "ಇದು ಸಾಹಿತ್ಯವೋ ಅಲ್ಲವೋ ಕಾಲ ಸೋಸಲಿ, ಉಳಿದದ್ದನ್ನು ಆಮೇಲೆ ಓದಿದರಾಯ್ತು" ಅಂದರು. ಆದರೆ ನಮ್ಮಮ್ಮ, ಅತ್ತಿಗೆ ಇಬ್ಬರೂ ದಿನಾ ಓದುವುದು ಇದನ್ನೇ. ಇದನ್ನು ಸರಿಯಾಗಿ ಅಭ್ಯಾಸ ಮಾಡಲು ಆಗುತ್ತದೆಯೇ? ಆಗುವುದಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಆಗುತ್ತದೆ. ಮಾಡಿ. ಆದರೆ ಮೂರನ್ನೂ ಒಟ್ಟಿಗೆ ಎತ್ತಿಕೊಳ್ಳಬೇಡಿ, ಒಂದು ಕಿರುಪ್ರಬಂಧಕ್ಕೆ ಅದು ಜಾಸ್ತಿಯಾಗುತ್ತದೆ. ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಅಮ್ಮ, ಅತ್ತಿಗೆಯ ಮಾತು. ಹಾಗಾಗಿ ಧಾರಾವಾಹಿಯನ್ನೇ ಹಿಡಿಯಿರಿ. ಬೇರೆ ಸಂಶೋಧಕರು ಓದುಗರನ್ನು ಹುಡುಕಿಕೊಂಡು ಊರೂರು ಅಲೆಯುತ್ತಾರೆ. ನಿಮ್ಮ ಓದುಗರು ನಿಮ್ಮ ಮನೆಯಲ್ಲೇ ಇದ್ದಾರೆ.

ಗೈಡ್ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಡಿ. ಜನ ಓದುತ್ತಾರೆ ಅಂದಮಾತ್ರಕ್ಕೆ ಬರವಣಿಗೆ ಚೆನ್ನಾಗಿದೆ ಅಂತ ನೀವು ಬರೆದುಬಿಡುತ್ತೀರೇನೋ ಎಂಬ ಅಳುಕು ಅವರಿಗಿರಬಹುದು. ಆ ಅಳುಕು ಸರಿಯಾದದ್ದೇ. ಆದರೆ "ಕಾಲ ಸೋಸಲಿ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಾಲ ತಾನಾಗಿ ಏನನ್ನೂ ಸೋಸುವುದಿಲ್ಲ, ಸೋಸುವವರು ಜನ. ವಚನಗಳನ್ನೇ ನೋಡಿ. ಹನ್ನೆರಡನೇ ಶತಮಾನದ ಬರಹ ಅದು. ಅದನ್ನು ನಾವೆಲ್ಲ ಇವತ್ತು ಕೈಯಲ್ಲಿ ಹಿಡಿದು ಓದುತ್ತಿದ್ದೇವೆ ಅಂದರೆ, ಫ.ಗು. ಹಳಕಟ್ಟಿಯವರಂಥವರು ಮನೆಮನೆ, ಮಠಮಠ ತಿರುಗಿ ತಾಡೋಲೆಗಳನ್ನು ಕೂಡಿಹಾಕಿದ್ದರಿಂದ. ಅವರ 'ವಚನಶಾಸ್ತ್ರ ಸಾರ' ಅಚ್ಚಾಗಿದ್ದು 1923ರಲ್ಲಿ. ಅವರು "ಕಾಲ ಸೋಸಲಿ" ಅಂತ ಸುಮ್ಮನೆ ಕೂತಿದ್ದರೆ ಗೆದ್ದಲು ಸೋಸುತ್ತಿತ್ತು.

ಸೋಸುವ ಜನ ತಪ್ಪುವುದೂ ಉಂಟು. ತ್ರಿವೇಣಿ, ಎಂ.ಕೆ. ಇಂದಿರಾ ಇವರ ಕಾದಂಬರಿಗಳನ್ನು ಮನೆಮನೆಯಲ್ಲಿ ಓದುತ್ತಿದ್ದ ಕಾಲದಲ್ಲಿ, ಹೆಂಗಸರು ಬರೆದದ್ದನ್ನು 'ಅಡುಗೆಮನೆ ಸಾಹಿತ್ಯ' ಅಂತ ಬದಿಗೆ ಸರಿಸುವ ರೂಢಿ ಇತ್ತು. ತ್ರಿವೇಣಿಯವರ 'ಶರಪಂಜರ' ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದ ಹೆಣ್ಣಿನ ಕತೆ. ವಾಸಿಯಾಗಿ ಮನೆಗೆ ಬಂದ ಮೇಲೂ ಅವಳನ್ನು 'ಹುಚ್ಚಿ' ಅಂತಲೇ ನೋಡುವ ಮನೆಯವರ ಕತೆ. ಆ ವಿಷಯವನ್ನು ಅಷ್ಟು ನೇರವಾಗಿ ಎತ್ತಿದ ಪುಸ್ತಕ ಅಡುಗೆಮನೆಯ ಕಪಾಟಿನಲ್ಲಿ ಇತ್ತು, ತರಗತಿಯಲ್ಲಿ ಇರಲಿಲ್ಲ. ಆಗಿನ ಓದುಗರು ಹೇಗೆ ಓದಿದರು, ಯಾವ ಪುಟಕ್ಕೆ ನಿಂತರು, ಓದಿ ಮುಗಿಸಿ ಯಾರ ಜೊತೆ ಏನು ಮಾತಾಡಿದರು? ಹೆಚ್ಚಿನ ಕಡೆ ಯಾರೂ ಬರೆದಿಡಲಿಲ್ಲ. ಈಗ ಕೇಳೋಣ ಅಂದರೆ ಆ ಓದುಗರಲ್ಲಿ ಬಹಳ ಜನ ಇಲ್ಲ. ಇದು ನನ್ನನ್ನು ಇವತ್ತಿಗೂ ಕಾಡುವ ನಷ್ಟ. ನಿಮ್ಮ ವಿಷಯಕ್ಕೆ ನಾನು ಇಷ್ಟು ಒತ್ತು ಕೊಡುವುದೂ ಇದಕ್ಕೇ.

ಒಂದು ವಸ್ತುವಿನ ಬಗ್ಗೆ ಹೇಳುತ್ತೇನೆ. ನಮ್ಮಮ್ಮ ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಕಿತ್ತು ಒಟ್ಟಿಗೆ ಸೇರಿಸಿ, ದಬ್ಬಣದಲ್ಲಿ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದರು. ಹೊದಿಕೆಗೆ ಹಳೇ ಕ್ಯಾಲೆಂಡರ್. ಅಂಥದ್ದೊಂದು ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಕತೆಯ ಹಾಳೆ ತಿರುಗಿಸಿದರೆ ಹಿಂದುಗಡೆ ಅರ್ಧ ಅಡುಗೆ ರೆಸಿಪಿ, ಸೋಪಿನ ಜಾಹೀರಾತು, ಯಾರದೋ ಪದಬಂಧದ ಉತ್ತರ. ಪ್ರತಿ ಕಂತಿನ ಕೊನೆಗೆ ಆವರಣದಲ್ಲಿ 'ಸಶೇಷ'. ಒಂದು ಕಂತಿನ ಅಂಚಿನಲ್ಲಿ ಅಮ್ಮ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ: "ಇವಳು ಹೋಗಬಾರದಿತ್ತು." ಅದೇ ಕಾದಂಬರಿ ಆಮೇಲೆ ಪುಸ್ತಕವಾಗಿ ಬಂತು. ಅದರಲ್ಲಿ 'ಸಶೇಷ' ಇಲ್ಲ, ವಾರದ ಕಾಯುವಿಕೆ ಇಲ್ಲ, ಅಮ್ಮನ ಪೆನ್ಸಿಲ್ ಇಲ್ಲ. ಕತೆ ಮಾತ್ರ ಇದೆ.

ನಿಮ್ಮ ಇಡೀ ಅಭ್ಯಾಸಕ್ಕೆ ನಾನು ಕೊಡುವ ಒಂದೇ ಪ್ರಶ್ನೆ ಈ ಪುಸ್ತಕದಿಂದ ಹುಟ್ಟಿದ್ದು: ಮೊಬೈಲಿನ ಈ ಬರಹವನ್ನು ಪುಸ್ತಕವಾಗಿ ಅಚ್ಚು ಹಾಕಿದರೆ ಏನು ಕಳೆದುಹೋಗುತ್ತದೆ? ಏನೂ ಕಳೆಯುವುದಿಲ್ಲ ಅಂತಾದರೆ ಅದು ಹೊಸ ಪ್ರಕಾರ ಅಲ್ಲ, ಹಳೇ ಕಾದಂಬರಿಯೇ ಹೊಸ ಜಾಗಕ್ಕೆ ಬಂದಿದೆ ಅಷ್ಟೆ. ಏನೋ ಕಳೆಯುತ್ತದೆ ಅಂತಾದರೆ ಅದೇ ನಿಮ್ಮ ವಿಷಯ. ಅದನ್ನೇ ಬಿಡಿಸಿ ಬರೆಯಿರಿ.

ಈಗ ಓದುವ ಕೆಲಸಕ್ಕೆ ಬರೋಣ. ಪ್ರತಿಲಿಪಿಯಂಥ ಆ್ಯಪಿನಲ್ಲಿ ಒಂದು ಧಾರಾವಾಹಿಯನ್ನು ಆರಿಸಿಕೊಳ್ಳಿ. ಮುಗಿದಿರುವುದಾದರೆ ಒಳ್ಳೆಯದು, ಐವತ್ತು ಅರವತ್ತು ಭಾಗದ್ದಾದರೆ ಸಾಕು. ಮೊದಲ ಸಲ ಸುಮ್ನೆ ಓದಿ, ಅಮ್ಮ ಓದಿದ ಹಾಗೆ. ಎರಡನೇ ಸಲ ಪ್ರತಿ ಭಾಗದ ಕೊನೆಯ ಎರಡು ವಾಕ್ಯಗಳನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸಿ. ಬಾಗಿಲು ತಟ್ಟಿದ ಸದ್ದು, ಬಂದ ಫೋನು, ಅರ್ಧಕ್ಕೆ ನಿಂತ ಮಾತು. ಹೀಗೆ ಪಟ್ಟಿ ಬೆಳೆಯುತ್ತಾ ಹೋದಂತೆ ಲೇಖಕಿಯ ಕೈ ಕಾಣಿಸುತ್ತದೆ. ಕೆಲವರು ಘಟನೆಯ ಮೇಲೆ ನಿಲ್ಲಿಸುತ್ತಾರೆ. ಇನ್ನು ಕೆಲವರು ಪಾತ್ರ ಇನ್ನೂ ತೀರ್ಮಾನ ಮಾಡದ ಜಾಗದಲ್ಲಿ ನಿಲ್ಲಿಸುತ್ತಾರೆ. ಎರಡನೆಯದು ಕಷ್ಟದ ಕೆಲಸ. ಅದನ್ನು ಮೂವತ್ತು ಸಲ ಚೆನ್ನಾಗಿ ಮಾಡುವವರು ನುರಿತ ಬರಹಗಾರರೇ.

ಇನ್ನೊಂದು, ಮರುಕಳಿಕೆ. ಇಂಥ ಧಾರಾವಾಹಿಗಳಲ್ಲಿ ಹೇಳಿದ್ದನ್ನೇ ಹೇಳುತ್ತಾರೆ, ಎಳೆಯುತ್ತಾರೆ ಎಂಬ ದೂರು ಇದೆ. ಪುಸ್ತಕದ ಕಣ್ಣಿನಿಂದ ನೋಡಿದರೆ ಅದು ದೋಷ. ಆದರೆ ಹರಿಕತೆ ಕೇಳಿದವರಿಗೆ ಗೊತ್ತು. ದಾಸರು ಎರಡನೇ ದಿನ "ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು?" ಅಂತ ಕೇಳಿಯೇ ಮುಂದೆ ಹೋಗುತ್ತಾರೆ. ನಡುವೆ ಬಂದು ಕೂತವರಿಗೂ ಕತೆ ಸಿಗಬೇಕಲ್ವಾ? ಒಲೆ ಮೇಲೆ ಹಾಲಿಟ್ಟು, ನಡುವೆ ಎದ್ದು ಹೋಗಿ, ಮತ್ತೆ ಬಂದು ಓದುವವರಿಗಾಗಿ ಬರೆದದ್ದರಲ್ಲಿ ಮರುಕಳಿಕೆಗೆ ಕೆಲಸವಿದೆ. ಯಾವ ಮರುಕಳಿಕೆ ಆ ಕೆಲಸ ಮಾಡುತ್ತದೆ, ಯಾವುದು ಬರೀ ಭಾಗದ ಉದ್ದ ತುಂಬಿಸಲು ಬಂದಿದೆ ಅಂತ ಬೇರ್ಪಡಿಸಿ ತೋರಿಸಿ. ಇದರಲ್ಲಿ ದುಡ್ಡಿನ ಮಾತೂ ಬರುತ್ತದೆ. ಮುಂದಿನ ಭಾಗ ಬೇಗ ಬೇಕಿದ್ದರೆ ಹಣ ಕೊಡಬೇಕು, ಇಲ್ಲದಿದ್ದರೆ ಕಾಯಬೇಕು ಎಂಬ ಏರ್ಪಾಡು ಇರುವ ಕಡೆ, ಭಾಗಗಳ ಸಂಖ್ಯೆ ಹೆಚ್ಚಿಸುವ ಒತ್ತಡ ಕತೆಯ ಮೇಲೆ ಬೀಳದೆ ಇರುತ್ತದೆಯೇ? ಭಾಗಗಳ ಉದ್ದವನ್ನು ಎಣಿಸಿ ನೋಡಿ. ಪದ ಎಣಿಸುವುದು ಬೇಸರದ ಕೆಲಸ ಅನಿಸಬಹುದು, ಆದರೆ ಊಹೆಗಿಂತ ಎಣಿಕೆ ಗಟ್ಟಿ.

ಕಾಮೆಂಟುಗಳನ್ನು ಬಿಡಲೇಬೇಡಿ. "ಇವನನ್ನು ಸಾಯಿಸಬೇಡಿ ಮೇಡಂ", "ಅವಳ ಅತ್ತೆ ನಮ್ಮತ್ತೆ ಥರಾನೇ", "ನಿನ್ನೆ ಯಾಕೆ ಹಾಕಲಿಲ್ಲ, ಹುಷಾರಿದ್ದೀರಾ ಅಕ್ಕಾ?" ಈ ಬಗೆಯ ಮಾತುಗಳು ಅಲ್ಲಿ ಇರುತ್ತವೆ. ಲೇಖಕಿ ಉತ್ತರ ಕೊಡುತ್ತಾರೆ, ಮಗುವಿಗೆ ಜ್ವರ ಬಂದಿತ್ತು ಅನ್ನುತ್ತಾರೆ. ಹಳೇ ವಾರಪತ್ರಿಕೆಗಳಿಗೂ ಓದುಗರ ಪತ್ರ ಬರುತ್ತಿತ್ತು. ಆದರೆ ಅದು ಸಂಪಾದಕರ ಮೇಜು ದಾಟಿ, ವಾರಗಟ್ಟಲೆ ಕಳೆದು, ಬೇರೆ ಪುಟದಲ್ಲಿ ಬರುತ್ತಿತ್ತು. ಇಲ್ಲಿ ಓದುಗರ ಮಾತು ಕತೆಯ ಕೆಳಗೇ ಇದೆ, ಮುಂದಿನ ಭಾಗ ಬರೆಯುವ ಮುಂಚೆಯೇ ಇದೆ. ಯಾವುದಾದರೂ ಒಂದು ಜಾಗದಲ್ಲಿ ಕಾಮೆಂಟು ಕತೆಯನ್ನು ತಿರುಗಿಸಿದ್ದು ನಿಮಗೆ ಸಿಕ್ಕರೆ ಅಲ್ಲಿ ನಿಲ್ಲಿ. ಹತ್ತು ಪುಟ ಬೇಕಾದರೂ ಅದಕ್ಕೇ ಕೊಡಿ. ಹಿಂದಿನ ಭಾಗ, ಅದರ ಕೆಳಗಿನ ಮಾತು, ಮುಂದಿನ ಭಾಗ, ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ ತೋರಿಸಿ. ಕತೆಯನ್ನು ಇಲ್ಲಿ ಯಾರು ಬರೆಯುತ್ತಿದ್ದಾರೆ ಎಂಬ ಪ್ರಶ್ನೆಗೆ ಯಾವ ಸಿದ್ಧಾಂತದ ಪುಸ್ತಕಕ್ಕಿಂತ ಚೆನ್ನಾಗಿ ಅದು ಉತ್ತರ ಕೊಡುತ್ತದೆ.

ಫೇಸ್‌ಬುಕ್ಕಿನ ಪುಟ್ಟ ಕತೆಯ ಬಗ್ಗೆಯೂ ಕೇಳಿದ್ದೀರಿ. ಅದು ಇನ್ನೊಬ್ಬರ ಕಿರುಪ್ರಬಂಧ ಆಗಲಿ. ಆದರೂ ಅದರ ಕಸುಬು ಎಲ್ಲಿದೆ ಅಂತ ಒಂದು ನಮೂನೆ ತೋರಿಸುತ್ತೇನೆ. ತರಗತಿಯಲ್ಲಿ ಪಾಠಕ್ಕೆಂದು ನಾನೇ ಬರೆದದ್ದು:

"ಅಪ್ಪನ ನಂಬರ್ ಇನ್ನೂ ಡಿಲೀಟ್ ಮಾಡಿಲ್ಲ.
ನಿನ್ನೆ ಅದೇ ನಂಬರಿನಿಂದ ಫೋನ್ ಬಂತು.
ಯಾರೋ ಹುಡುಗ. 'ರಾಂಗ್ ನಂಬರ್' ಅಂದ.
'ಇಲ್ಲಪ್ಪ, ಸರಿಯಾಗೇ ಇದೆ' ಅಂದೆ."

ಮೂರನೇ ಸಾಲಿನವರೆಗೆ ಇದು ನಡೆದ ಸಂಗತಿ. ನಾಲ್ಕನೇ ಸಾಲಿಗೆ ಕತೆಯಾಗುತ್ತದೆ. ಉದ್ದದ ಪೋಸ್ಟುಗಳಲ್ಲಿ ಇನ್ನೊಂದು ಉಪಾಯ ಇದೆ. ಕೆಲವು ಸಾಲು ಆದ ಮೇಲೆ ಫೇಸ್‌ಬುಕ್ ಪೋಸ್ಟನ್ನು ಮಡಚಿಡುತ್ತದೆ, ಉಳಿದದ್ದು ಬೇಕಾದರೆ ಒತ್ತಬೇಕು. ಕೈ ಪಳಗಿದವರು ಆ ಮಡಿಕೆ ಎಲ್ಲಿ ಬೀಳುತ್ತದೆ ಅಂತ ನೋಡಿಕೊಂಡು, ಅದಕ್ಕೆ ಸರಿಯಾಗಿ ಮೊದಲ ಸಾಲುಗಳನ್ನು ಕೂರಿಸುತ್ತಾರೆ. ಚುಟುಕಕ್ಕೆ ನಾಲ್ಕು ಸಾಲಿನ ಕಟ್ಟು ಇದ್ದ ಹಾಗೆ, ತ್ರಿಪದಿಗೆ ಮೂರನೇ ಸಾಲಿನ ಹೊಡೆತ ಇದ್ದ ಹಾಗೆ, ಇದೂ ಒಂದು ಕಟ್ಟು. ದಿನಕರ ದೇಸಾಯಿಯವರ ಚುಟುಕಗಳನ್ನು ಪಕ್ಕದಲ್ಲಿಟ್ಟು ಓದಿದರೆ ಹೊಸದರಲ್ಲಿ ಯಾವುದು ನಿಜವಾಗಿ ಹೊಸದು ಅಂತ ಬೇಗ ತಿಳಿಯುತ್ತದೆ.

ವಾಟ್ಸಾಪಿನ ಕತೆಗೆ ಜಾನಪದದವರ ಹತ್ತಿರ ಹೋಗಬೇಕು. ಅದಕ್ಕೆ ಕರ್ತೃ ಇಲ್ಲ, ಪಾಠಾಂತರ ಬೇಕಾದಷ್ಟು. ಮಂಟೇಸ್ವಾಮಿ ಕಾವ್ಯವನ್ನು ಅದನ್ನು ಹಾಡುವ ನೀಲಗಾರರ ಬಾಯಿಂದ ಬರೆದುಕೊಂಡವರು ಯಾರು ಹಾಡಿದರು, ಎಲ್ಲಿ, ಯಾವಾಗ ಅಂತ ಗುರುತು ಹಾಕಿಕೊಳ್ಳುತ್ತಿದ್ದರು. ಅದೇ ಶಿಸ್ತು ಇಲ್ಲಿಗೂ ಸಾಕು. ಹಾಡಿದ್ದು ಸಾಹಿತ್ಯವೇ ಎಂಬ ಪ್ರಶ್ನೆಯನ್ನು ಜಾನಪದದವರೂ ಎದುರಿಸಿದ್ದರು, ಸಂಗ್ರಹ ಮಾಡಿ ತೋರಿಸಿಯೇ ಗೆದ್ದರು.

ಇಲ್ಲಿಗೆ ಅವಸರದ ಮಾತಿಗೆ ಬಂದೆ. ಓದುವ ಮುಂಚೆ ಉಳಿಸಿಕೊಳ್ಳಿ. ಫೇಸ್‌ಬುಕ್ಕಿನ ಥರದ ಹಳೇ ಜಾಲತಾಣ ಆರ್ಕುಟ್‌ನಲ್ಲಿ ಕನ್ನಡದ ಗುಂಪುಗಳಿದ್ದವು, ಅಲ್ಲಿ ಕವಿತೆ, ಚರ್ಚೆ, ಜಗಳ ಎಲ್ಲ ನಡೆಯುತ್ತಿತ್ತು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. ಅಡೋಬಿ ಕಂಪನಿ 2020ರ ಕೊನೆಗೆ ಫ್ಲ್ಯಾಶ್ ಎಂಬ ತನ್ನ ತಂತ್ರಾಂಶವನ್ನು ನಿಲ್ಲಿಸಿದಾಗ, ಅದರಲ್ಲಿ ಮಾಡಿದ್ದ ಎಷ್ಟೋ ಇಂಗ್ಲಿಷ್ ಡಿಜಿಟಲ್ ಕವಿತೆ, ಕತೆಗಳು ಬ್ರೌಸರಿನಲ್ಲಿ ತೆರೆಯದಂತಾದವು. ನಮ್ಮಲ್ಲಿ ಅಕ್ಷರದ ತೊಂದರೆ ಬೇರೆ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳಲ್ಲಿ ಅವುಗಳದೇ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಫೈಲನ್ನು ಈಗ ಹಾಗೇ ತೆರೆದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತದೆ. ಪರಿವರ್ತಕ ಹಾಕಿದರೆ ಓದಬಹುದು, ಆದರೆ ಹಾಕಬೇಕು ಅಂತ ಗೊತ್ತಿಲ್ಲದೆ "ಫೈಲ್ ಕೆಟ್ಟಿದೆ" ಅಂತ ಅಳಿಸಿದವರನ್ನು ನಾನು ಕಂಡಿದ್ದೇನೆ. ಅಂಥದ್ದೊಂದು ಕವನದ ಕಟ್ಟು ನನ್ನ ಕಣ್ಣೆದುರೇ ಹೋಯಿತು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಆರಿಸಿದ ಧಾರಾವಾಹಿಯ ಪ್ರತಿ ಭಾಗದ ಸ್ಕ್ರೀನ್‌ಶಾಟ್ ತೆಗೆಯಿರಿ. ಕತೆಯ ಜೊತೆ ಮೇಲಿನ ಚಿತ್ರ, ಎಷ್ಟು ಜನ ಓದಿದರು ಎಂಬ ಅಂಕಿ, ಕೆಳಗಿನ ಕಾಮೆಂಟು ಎಲ್ಲ ಬರಲಿ. ಅಮ್ಮ ಹೊಲಿದ ಪುಸ್ತಕದಲ್ಲಿ ಸೋಪಿನ ಜಾಹೀರಾತು ಉಳಿದ ಹಾಗೆ ಇದೂ ಉಳಿಯಬೇಕು. ಯಾವ ತಾರೀಕು ನೋಡಿದ್ದು ಅಂತ ಫೈಲಿನ ಹೆಸರಿನಲ್ಲೇ ಹಾಕಿ, ಯಾಕೆಂದರೆ ಲೇಖಕರು ಹಳೇ ಭಾಗವನ್ನು ತಿದ್ದುತ್ತಾರೆ, ಕೆಲವೊಮ್ಮೆ ತೆಗೆದೂ ಹಾಕುತ್ತಾರೆ. ಎಲ್ಲರಿಗೂ ತೆರೆದಿರುವ ಬ್ಲಾಗು, ಅಂತರ್ಜಾಲ ಪತ್ರಿಕೆಯ ಪುಟವಾದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ವಿಳಾಸ ಕೊಟ್ಟು ಉಳಿಸಬಹುದು. ಲಾಗಿನ್ ಆಗಿ ಓದುವ ಕತೆ, ಮುಚ್ಚಿದ ಗುಂಪಿನ ಬರಹ ಅದಕ್ಕೆ ಸಿಗುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಉಳಿಸಿದ್ದು ನಿಮ್ಮ ಅಭ್ಯಾಸಕ್ಕೆ ಮಾತ್ರ, ಹಂಚುವುದಕ್ಕಲ್ಲ.

ಅನುಮತಿ ಕೇಳಿ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಆ್ಯಪ್‌ಗಳಲ್ಲಿ ಬರೆಯುವ ಹೆಣ್ಣುಮಕ್ಕಳಲ್ಲಿ ಬೇರೆ ಹೆಸರಿನಲ್ಲಿ ಬರೆಯುವವರಿದ್ದಾರೆ. ಮನೆಯಲ್ಲಿ ಗೊತ್ತಿಲ್ಲದೆ ಬರೆಯುವವರೂ ಇರಬಹುದು. ನಿಮ್ಮ ಕಿರುಪ್ರಬಂಧದಲ್ಲಿ ಒಂದು ಸಾಲು ಅಜಾಗರೂಕವಾಗಿ ಬಂದರೆ ಅವರ ಬರವಣಿಗೆಯೇ ನಿಂತುಹೋದೀತು. ಲೇಖಕಿಗೆ ಸಂದೇಶ ಕಳಿಸಿ, ಯಾರು, ಯಾಕೆ ಓದುತ್ತಿದ್ದೀರಿ ಅಂತ ಹೇಳಿ. ಕಾಮೆಂಟು ಹಾಕಿದವರ ಹೆಸರು ಬೇಡ, ಊರೂ ಬೇಡ. ಅಮ್ಮ, ಅತ್ತಿಗೆಯನ್ನೂ ಕೇಳಿಯೇ ಬರೆಯಿರಿ. ಮನೆಯವರು ಅಂತ ಸಲುಗೆ ತಗೊಳ್ಳಬೇಡಿ.

ಗೈಡ್‌ಗೆ ಇರುವ ಅಳುಕಿಗೆ ಉತ್ತರ ಕೊಡುವ ಜಾಗ ಕೊನೆಯ ಅಧ್ಯಾಯ. ಅಲ್ಲಿ ಬೆಲೆ ಕಟ್ಟಿ, ಹಿಂಜರಿಯಬೇಡಿ. ಶ್ರೀಮಂತ ಗಂಡು, ಬಡ ಹೆಣ್ಣು, ಒಪ್ಪಂದದ ಮದುವೆ, ಮೊದಲು ದ್ವೇಷ ಆಮೇಲೆ ಪ್ರೀತಿ. ಈ ಅಚ್ಚು ಇಂಥ ಧಾರಾವಾಹಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆಲವು ಕಡೆ ಗಂಡಿನ ಒರಟುತನವನ್ನೇ ಪ್ರೀತಿ ಅಂತ ತೋರಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ, ನಿಮಗೂ ಕಾಣದಿದ್ದರೆ ಹಾಗಂತ ಬರೆಯಿರಿ. ಆದರೆ ಅದೇ ಅಚ್ಚಿನೊಳಗೆ ಒಬ್ಬ ಲೇಖಕಿ ಮಂಡ್ಯದ ಮಾತನ್ನೋ ಧಾರವಾಡದ ಮಾತನ್ನೋ ಜೀವಂತವಾಗಿ ತಂದಿರಬಹುದು. ಅತ್ತೆ ಸೊಸೆಯರ ನಡುವಿನ ಒಂದು ಮೌನವನ್ನು ಯಾರೂ ಬರೆಯದ ಹಾಗೆ ಬರೆದಿರಬಹುದು. ಅದನ್ನು ಬೆರಳಿಟ್ಟು ತೋರಿಸುವುದೂ ವಿಮರ್ಶೆಯೇ. ದೇವನೂರ ಮಹಾದೇವರ 'ಕುಸುಮಬಾಲೆ' ಬಂದಾಗ ಅದರ ಆಡುಮಾತು ಎಷ್ಟೋ ಓದುಗರಿಗೆ ತೊಡಕಾಗಿತ್ತು. ಆ ಮಾತಿಗೆ ಕಿವಿ ಒಗ್ಗಿಸಿಕೊಂಡ ಮೇಲೆ ಓದು ತೆರೆಯಿತು. ಆ ಕಾದಂಬರಿಯ ಎತ್ತರಕ್ಕೆ ಇವನ್ನು ಹೋಲಿಸುತ್ತಿಲ್ಲ. ಕಿವಿ ಒಗ್ಗಿಸಿಕೊಳ್ಳುವ ತಾಳ್ಮೆಯ ಮಾತು ಹೇಳುತ್ತಿದ್ದೇನೆ.

ಸಿದ್ಧಾಂತದ ಓದಿನಲ್ಲಿ ಒಂದು ಎಚ್ಚರ. 'ಎಲೆಕ್ಟ್ರಾನಿಕ್ ಸಾಹಿತ್ಯ' ಅಂತ ಹುಡುಕಿದರೆ ನಿಮಗೆ ಸಿಗುವುದು ಹೆಚ್ಚಾಗಿ ಕಂಪ್ಯೂಟರಿನಲ್ಲೇ ಹುಟ್ಟಿ ಕಂಪ್ಯೂಟರಿನಲ್ಲೇ ಓದಬೇಕಾದ ಕೃತಿಗಳ ಚರ್ಚೆ. ಅಮೆರಿಕದ ಮೈಕೆಲ್ ಜಾಯ್ಸ್ 1987ರಲ್ಲಿ ಬರೆದ ಕತೆ ಅಂಥದ್ದು. ಯಾವ ಪದದ ಮೇಲೆ ಒತ್ತುತ್ತೀರೋ ಅದರ ಮೇಲೆ ಮುಂದಿನ ಪುಟ ಬದಲಾಗುತ್ತದೆ. ನಿಮ್ಮ ಧಾರಾವಾಹಿ ಆ ಜಾತಿಯದ್ದಲ್ಲ. ನಿಮಗೆ ಹತ್ತಿರದ ನೆಂಟಸ್ತಿಕೆ ಇರುವುದು ಜಪಾನಿನ 'ಕೇತಾಯ್ ಶೋಸೆತ್ಸು' ಜೊತೆ, ಅಂದರೆ ಮೊಬೈಲ್ ಕಾದಂಬರಿ. ಅಲ್ಲಿನ ಯುವತಿಯರು ಫೋನಿನಲ್ಲೇ ಹೆಬ್ಬೆರಳಿನಿಂದ ಟೈಪ್ ಮಾಡಿ, ಚಿಕ್ಕ ಚಿಕ್ಕ ಸಾಲುಗಳಲ್ಲಿ ಕಂತು ಕಂತಾಗಿ ಬರೆದರು. 2007ರಲ್ಲಿ ಅಲ್ಲಿ ಅತಿ ಹೆಚ್ಚು ಮಾರಾಟವಾದ ಹತ್ತು ಕಾದಂಬರಿಗಳಲ್ಲಿ ಐದು ಮೊದಲು ಮೊಬೈಲಿನಲ್ಲಿ ಬಂದಿದ್ದವು. ಅಲ್ಲಿಯೂ ಇದು ಸಾಹಿತ್ಯವೇ ಎಂಬ ದೊಡ್ಡ ಚರ್ಚೆ ಆಯಿತು. ನನಗೆ ಅದರಲ್ಲಿ ಬಹಳ ಹಿಡಿಸಿದ ಸಂಗತಿ ಇನ್ನೊಂದು. ಜಪಾನಿನ ಕಾದಂಬರಿಗಳನ್ನು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಅಚ್ಚು ಹಾಕುತ್ತಾರೆ. ಈ ಕಾದಂಬರಿಗಳು ಪುಸ್ತಕವಾದಾಗ ಫೋನಿನ ಪರದೆಯ ಹಾಗೆ ಅಡ್ಡ ಸಾಲಿನಲ್ಲೇ ಅಚ್ಚಾದವು, ನಡುವಿನ ಖಾಲಿ ಜಾಗವನ್ನೂ ಉಳಿಸಿಕೊಂಡರು. ಅಚ್ಚು ಹಾಕಿದರೆ ಏನು ಕಳೆಯುತ್ತದೆ ಎಂಬ ಪ್ರಶ್ನೆಯನ್ನು ಅಲ್ಲಿನ ಪ್ರಕಾಶಕರೂ ಕೇಳಿಕೊಂಡಿದ್ದರು ಅಂತಾಯಿತು.

ಗೈಡ್ ಹತ್ತಿರ ಮತ್ತೆ ಹೋಗುವಾಗ ವಾದ ಒಯ್ಯಬೇಡಿ, ಒಂದು ಪುಟ ಒಯ್ಯಿರಿ. ಅದರಲ್ಲಿ ಒಂದು ಧಾರಾವಾಹಿಯ ಹೆಸರು, ಅದರ ಹತ್ತು ಭಾಗಗಳ ಕೊನೆಯ ಸಾಲುಗಳು, ಕಾಮೆಂಟಿನಿಂದ ಕತೆ ತಿರುಗಿದ ಒಂದು ಜಾಗ, ಮತ್ತೆ ಮೂವರು ಓದುಗರು ಸಾಕು. ಅಮ್ಮ, ಅತ್ತಿಗೆ, ಓಣಿಯ ಇನ್ನೊಬ್ಬರು. ಇಷ್ಟು ನೋಡಿದ ಮೇಲೂ ಬೇಡ ಅಂದರೆ, "ವಾರಪತ್ರಿಕೆಯ ಧಾರಾವಾಹಿ ಮತ್ತು ಮೊಬೈಲ್ ಧಾರಾವಾಹಿ: ಒಂದು ಹೋಲಿಕೆ" ಅಂತ ತಲೆಬರಹ ಬದಲಿಸಿ ಕೇಳಿ. ಹಳೆಯದು ಜೊತೆಗಿದ್ದರೆ ಒಪ್ಪಿಗೆ ಸುಲಭ, ನಿಮ್ಮ ಕೆಲಸಕ್ಕೂ ಅದು ಒಳ್ಳೆಯದೇ.

ಅದಕ್ಕೂ ಮುಂಚೆ, ಇವತ್ತು ಸಂಜೆ ಅಮ್ಮ ಮೊಬೈಲ್ ಹಿಡಿದು ಕೂತಾಗ ಪಕ್ಕದಲ್ಲಿ ಕೂತುಕೊಳ್ಳಿ. ಏನೂ ಕೇಳಬೇಡಿ. ಎಲ್ಲಿ ಬೇಗ ಸರಿಸುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾವ ಜಾಗಕ್ಕೆ ಅತ್ತಿಗೆಯನ್ನು ಕೂಗಿ ಕರೆಯುತ್ತಾರೆ ಅಂತ ನೋಡಿ. ಆಮೇಲೆ ನೋಡಿದ್ದನ್ನು ಅವರಿಗೆ ಓದಿ ತೋರಿಸಿ, ಒಪ್ಪಿದರೆ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅದನ್ನೇ ಬರೆದು ತಾರೀಕು ಹಾಕಿ.